ಹತ್ತಿಯ ಗೋದಾಮಿನಲ್ಲಿ ಎಂಟು ಹಾಡು

ಮೊನ್ನೆ ಸೋಮವಾರ ಅಣ್ಣಿಗೇರಿಯ ಆ ಹತ್ತಿ ಜಿನ್ನಿನ ಗೋದಾಮಿನೊಳಗೆ ಒಂಬತ್ತು ವರ್ಷಗಳ ನಂತರ ಕಾಲಿಟ್ಟೆ. ಬಾಗಿಲು ಸರಿಸಿದ್ದೇ ತಡ, ಹತ್ತಿಯ, ಒಡೆದ ಹತ್ತಿಕಾಳಿನ, ಹಳೆಯ ಗೋಣಿಚೀಲದ ವಾಸನೆ ಒಟ್ಟಿಗೆ ಮೂಗಿಗೆ ಬಡಿಯಿತು. ಉಳಿದವರಿಗೆ ಅದು ಬರೀ ಎಣ್ಣೆ ಮತ್ತು ಧೂಳಿನ ವಾಸನೆ. ನನಗೆ ಹಾಗಲ್ಲ. ಹಳೆಯದನ್ನೆಲ್ಲ ನೆನೆದು ಕಣ್ಣೊರೆಸಿಕೊಳ್ಳುವ ಉಮೇದಿಯಿಂದ ನಾನೇನೂ ಅಲ್ಲಿಗೆ ಹೋಗಿರಲಿಲ್ಲ. ಹುಸೇನನ ದನಿ ಒಂದು ಚೂರಾದರೂ ಎಲ್ಲಾದರೂ ಉಳಿದಿದೆಯೇ ಎಂದು ವೀರೇಶನನ್ನು ಕೇಳಲು ಹೋಗಿದ್ದೆ. ಮರುದಿನ ಹುಸೇನ ಮಗಳನ್ನು ಕರೆದುಕೊಂಡು ನನ್ನ ಅಂಗಡಿಗೆ ಬರುವವನಿದ್ದ. ಅವಳಿಗೆ ಈಗ ಒಂಬತ್ತು ವರ್ಷ. ಅಪ್ಪನ ದನಿ ಹೇಗಿತ್ತೆಂದು ಆ ಹುಡುಗಿಗೆ ಗೊತ್ತಿಲ್ಲ.

ಒಂಬತ್ತು ವರ್ಷದ ಹಿಂದೆ, ಹತ್ತಿಯ ಹಂಗಾಮಿನಲ್ಲಿ ನಾವು ಮೂವರು ಇದೇ ಗೋದಾಮಿನಲ್ಲಿ ಒಂದು ಆಲ್ಬಮ್ ಮಾಡಿದೆವು. ಮಾಡಿದೆವು ಎನ್ನುವುದೂ ಸುಳ್ಳೇ. ಶುರು ಮಾಡಿದ್ದು ಮೂವರು, ಮುಗಿಸಿದ್ದು ಒಬ್ಬ. ವೀರೇಶ ಗಿಟಾರು, ಹುಸೇನ ಹಾಡು, ನಾನು, ಅಂದರೆ ಮಲ್ಲು, ಡ್ರಮ್ಮು. ಬ್ಯಾಂಡಿನ ಹೆಸರು ‘ಎರಿ’, ನಮ್ಮ ಕರಿಮಣ್ಣಿನ ಹೆಸರು. ಅಣ್ಣಿಗೇರಿಯಲ್ಲಿ ಬ್ಯಾಂಡ್ ಎಂದರೆ ಲಗ್ನದ ಮೆರವಣಿಗೆಯಲ್ಲಿ ಕೆಂಪು ಕೋಟು ಹಾಕಿಕೊಂಡು ಊದುವವರು. ‘ಮುಂದಿನ ಗುರುವಾರ ನಮ್ಮ ಹುಡುಗನ ಮದಿವಿಗೆ ಬರ್ತೀರೇನ್ರಿ?’ ಎಂದು ನನ್ನನ್ನು ಕೇಳಿದವರಿಗೆ ಲೆಕ್ಕವಿಲ್ಲ. ರಾಕ್ ಅಂದರೆ ಬೇರೆ ಎಂದು ಹೇಳಿ ಹೇಳಿ ನನ್ನ ನಾಲಿಗೆ ಒಣಗಿತು.

ನನ್ನದು ಬಸ್‌ಸ್ಟ್ಯಾಂಡಿನ ಬಾಜೂ ಝೆರಾಕ್ಸ್ ಅಂಗಡಿ. ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ, ಜವಳದ ಪತ್ರಿಕೆ, ತಿಥಿ ಕಾರ್ಡು ಡಿಸೈನ್ ಮಾಡಿಕೊಡುತ್ತೇನೆ. ಹುಸೇನ ಹತ್ತಿ ತುಂಬಿ ಗಾದಿ ಹೊಲಿಯುವವನು, ಅವನ ಮನೆತನವೇ ಹತ್ತಿ ಹಿಂಜುವ ಮನೆತನ. ಅವನಜ್ಜ ಇಮಾಮಸಾಬ ಮೊಹರಮ್ಮಿನ ರಿವಾಯತ್ ಪದ ಕಟ್ಟಿ ಹಾಡುತ್ತಿದ್ದವರು, ನಮ್ಮ ಓಣಿಯ ಲಿಂಗಾಯತರ ಹುಡುಗರೂ ಅವರ ಹಿಂದೆ ಹಿಮ್ಮೇಳಕ್ಕೆ ನಿಲ್ಲುತ್ತಿದ್ದರು. ಆ ಗಂಟಲು ಮೊಮ್ಮಗನಿಗೆ ಬಂದಿತ್ತು. ಹತ್ತಿಯ ಕಾಳು ಬಿಡಿಸುವ ಈ ಜಿನ್ನು ವೀರೇಶನ ಕಾಕಾನದು. ನಮ್ಮ ಕಡೆ ಸೋಮವಾರ ಎತ್ತಿನ ಕೊರಳಿಗೆ ನೊಗ ಹಾಕುವುದಿಲ್ಲವಲ್ಲ, ಆ ರೂಢಿಯನ್ನೇ ಹಿಡಿದು ಕಾಕಾ ಮಷೀನಿಗೂ ಸೋಮವಾರ ಸೂಟಿ ಕೊಟ್ಟಿದ್ದರು. ಅಮಾವಾಸ್ಯೆಗೂ ಸೂಟಿ. ಅಂಥ ದಿನಗಳಲ್ಲಿ ಮಾತ್ರ ಗೋದಾಮಿನಲ್ಲಿ ಸದ್ದಿರುತ್ತಿರಲಿಲ್ಲ, ಆಗ ನಾವು ರೆಕಾರ್ಡ್ ಮಾಡಬೇಕು. ಅಂಗಡಿಯ ಕಂಪ್ಯೂಟರನ್ನು ಹಾಸಿಗೆಯಲ್ಲಿ ಸುತ್ತಿ ಆಟೋದಲ್ಲಿ ಹೇರಿಕೊಂಡು ಹೋಗುತ್ತಿದ್ದೆ.

ಸೀಗಿ ಹುಣ್ಣಿಮೆ ಮುಗಿದ ಮೊದಲ ಸೋಮವಾರ ಗೋದಾಮಿನಲ್ಲಿ ಚಪ್ಪಾಳೆ ತಟ್ಟಿದರೆ ನಾಲ್ಕು ಸಲ ತಿರುಗಿ ಕೇಳುತ್ತಿತ್ತು. ಒತ್ತಿ ಕಟ್ಟಿದ ಹತ್ತಿಯ ಬೇಲುಗಳನ್ನು ಗೋಡೆಗುಂಟ ಒಟ್ಟಿದರೆ ಸಾಕು ಎಂದು ವೀರೇಶ ಹಮಾಲರಿಂದ ಮಧ್ಯಾಹ್ನದವರೆಗೂ ಒಟ್ಟಿಸಿದ. ಮಾರ್ದನಿ ಒಂದಿಷ್ಟೂ ತಗ್ಗಲಿಲ್ಲ. ಹುಸೇನ ಬಾಗಿಲಲ್ಲಿ ಕುಂತು ನಗುತ್ತಿದ್ದ.

‘ಒತ್ತಿದ ಹತ್ತಿ ಅಂದ್ರ ಕಲ್ಲ ಲೇ ಅದು’ ಎಂದ. ‘ದನಿ ತಿನ್ನೂದು ಬಿಚ್ಚಿದ ಹತ್ತಿ. ಎರಡು ವಾರ ಟೈಮ್ ಕೊಡು.’

ಕಾಕಾ ಬೇಡವೆಂದು ಬಿಟ್ಟ ಹೊಲಸು ಹತ್ತಿಯನ್ನೆಲ್ಲ ಒಯ್ದು, ಹಿಂಜಿ, ಹದಿನಾರು ಗಾದಿ ಹೊಲಿದು ತಂದ. ಅವನ್ನು ಗೋಡೆಗೆ ನೇತುಹಾಕಿ ಆತ ಒಂದು ಸಾಲು ಹಾಡಿದ ನೋಡಿ. ಅಬ್ಬಾ! ದನಿ ಎಲ್ಲಿಂದಲೂ ತಿರುಗಿ ಬರಲಿಲ್ಲ, ನೇರ ಎದೆಗೆ ಬಂತು. ಸಾಲಿನ ಕೊನೆಯಲ್ಲಿ ಅವನ ದನಿ ಒಂದು ಕಡೆ ಸಣ್ಣಗೆ ತೊಡರಿ, ಮತ್ತೆ ಬಿಡಿಸಿಕೊಂಡು ಮುಂದೆ ಹೋಗುತ್ತಿತ್ತು. ಆ ತೊಡಕು ಬೇಕೆಂದು ಮಾಡುವುದೋ, ತಾನಾಗಿ ಆಗುವುದೋ ನನಗೆ ಕಡೆಗೂ ತಿಳಿಯಲಿಲ್ಲ. ಗಾದಿ ನೇತುಹಾಕಿ ಸುಸ್ತಾಗಿದ್ದ ಹಮಾಲರು ಬೀಡಿ ಹಚ್ಚುವುದನ್ನೂ ಮರೆತು ಕುಂತಿದ್ದರು.

ವೀರೇಶನಿಗೆ ಆಲ್ಬಮ್ ಆಗಲೇ ತಲೆಯಲ್ಲಿ ಮುಗಿದುಹೋಗಿತ್ತು. ನೋಟುಬುಕ್ಕಿನ ತುಂಬ ಬರೆದಿದ್ದ. ‘ಬ್ಯಾಸಿಗ್ಯಾಗ ಎರಿ ಬಾಯಿ ಬಿಡ್ತೈತಲ್ಲ, ಆ ಬಿರುಕಿನೊಳಗ ಒಬ್ಬ ಮನಶ್ಯಾ ಇಳದು ಹೋಗ್ತಾನ. ಎಂಟು ಹಾಡು. ಒಂದೊಂದು ಹಾಡಿಗೆ ಒಂದೊಂದು ಮೊಳ ಕೆಳಗ. ನಡುವ ಎಲ್ಲೂ ನಿಲ್ಲೂದಿಲ್ಲ’ ಎಂದ.

‘ಮ್ಯಾಲ ಬರೂ ಹಾಡು ಯಾವುದಲೇ?’ ಎಂದು ಹುಸೇನ ಕೇಳಿದ.

‘ಮ್ಯಾಲ ಬರೂದಿಲ್ಲ.’

ನಾವು ಮೂವರೂ ನಕ್ಕೆವು. ಹೇಳುತ್ತೇನೆ ಕೇಳಿ, ವೀರೇಶ ಸಾಮಾನ್ಯದವನಲ್ಲ. ನಾನು ಒಂದು ಹಾಡಿನಲ್ಲಿ ಒಂದು ಪೆಟ್ಟು ಕೇಳಿಸಿಕೊಂಡರೆ ಅವನಿಗೆ ಅದರ ಹಿಂದಿನ ಹತ್ತು ಕೇಳಿಸುತ್ತಿದ್ದವು. ಅದಕ್ಕೇ ನಾವು ಅವನ ಹಿಂದೆ ಬಾಲ ಹಿಡಿದುಕೊಂಡು ಹೋದದ್ದು. ಜೋಳ ಮೊಳಕಾಲೆತ್ತರ ಬರುವ ಹೊತ್ತಿಗೆ ಬ್ಯಾಂಡು ಹೋಗಿ ಶಾಲೆಯಾಗಿತ್ತು, ಅವನು ಮಾಸ್ತರ. ನನ್ನ ಡ್ರಮ್ಮಿನ ಪೆಟ್ಟು ಒಂದು ಕೂದಲೆಳೆ ಹಿಂದೆ ಬೀಳುತ್ತದೆ ಎಂದು ಒಂದೇ ಹಾಡನ್ನು ಮೂರು ಸೋಮವಾರ ಬಾರಿಸಲು ಹಚ್ಚಿದ. ನಾಲ್ಕನೇ ಸೋಮವಾರ ನಾನು ಚಹಾ ತರಲು ಹೋಗಿ ಬರುವಷ್ಟರಲ್ಲಿ ನನ್ನ ಪೆಟ್ಟುಗಳನ್ನು ತೆಗೆದು ಕಂಪ್ಯೂಟರಿನ ಪೆಟ್ಟು ಕೂಡಿಸಿದ್ದ. ‘ಬ್ಯಾಸರ ಮಾಡ್ಕೋಬ್ಯಾಡ ಮಲ್ಲ್ಯಾ, ಹಾಡಿಗೆ ಇದ ಬೇಕು’ ಎಂದ. ನನ್ನದೇ ಕಂಪ್ಯೂಟರು, ನನ್ನನ್ನೇ ಹೊರಗೆ ಹಾಕಿತ್ತು. ಸಿಟ್ಟು ನೆತ್ತಿಗೇರಿತು, ಆದರೆ ಕೇಳಿ ನೋಡಿದರೆ ಹಾಡು ಮೊದಲಿಗಿಂತ ಚಲೋ ಆಗಿತ್ತು. ಏನು ಜಗಳ ಮಾಡುವುದು? ಅವತ್ತಿನಿಂದ ನಾನು ಡ್ರಮ್ಮಿನವನಲ್ಲ, ಬಟನ್ ಒತ್ತುವವನು.

ಹುಸೇನನನ್ನೂ ಬಿಡಲಿಲ್ಲ. ‘ಎಳೀಬ್ಯಾಡ. ಮೊಹರಮ್ ಅಲ್ಲ ಇದು’ ಎನ್ನುತ್ತಿದ್ದ. ಹುಸೇನ ಎಳೆಯದೆ ಹಾಡಿದರೆ ‘ಈಗ ಜೀವಾನ ಇಲ್ಲ ಅದರಾಗ’ ಎನ್ನುತ್ತಿದ್ದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಮಧ್ಯಾಹ್ನಗಳು ಕಳೆದವು. ಹುಸೇನ ಮಾತ್ರ ಒಂದು ದಿನವೂ ಮುಖ ಗಂಟು ಹಾಕಿಕೊಳ್ಳಲಿಲ್ಲ. ಅವನ ಹೆಂಡತಿಗೆ ಆಗ ಏಳು ತಿಂಗಳು ತುಂಬಿ, ತವರುಮನೆ ಯಮನೂರಿಗೆ ಹೋಗಿದ್ದಳು. ‘ಹುಟ್ಟೂ ಕೂಸಿಗೆ ಕೇಳ್ಸಾಕ ನಂದೊಂದು ಹಾಡು ಇರ್ಲಿ ದೋಸ್ತ, ಅಷ್ಟ ಸಾಕು’ ಎಂದು ನನ್ನ ಹತ್ತಿರ ಅಂದಿದ್ದ. ಅವನಿಗೆ ಆ ಆಲ್ಬಮ್ಮಿನಿಂದ ಬೇಕಿದ್ದದ್ದು ಅಷ್ಟೇ.

ಏಳನೆಯ ಹಾಡು ಇಮಾಮಸಾಬರ ಪದ. ಕರ್ಬಲಾದ ಮರಳಿನಲ್ಲಿ ನೀರು ಕೇಳಿದ ಕೂಸಿನ ಪದ. ಅದನ್ನು ಒಮ್ಮೆ ಕೇಳಿದ್ದೇ ವೀರೇಶ ಹುಚ್ಚನಂತಾಗಿದ್ದ. ಬಾಯಾರಿದ ಕೂಸು, ಬಾಯಿಬಿಟ್ಟ ನೆಲ, ಅವನಿಗೆ ಎರಡೂ ಒಂದೇ ಆಗಿ ಕಂಡಿದ್ದವು. ಎಳ್ಳಮಾವಾಸ್ಯೆಯ ದಿನ ಅದನ್ನು ರೆಕಾರ್ಡ್ ಮಾಡಿದೆವು. ಮುಂಜಾನೆ ವೀರೇಶನವರ ಹೊಲದಲ್ಲಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಕಡಲೆ ಹೊಲದ ಬದುವಿನ ಮೇಲೆ ಸಜ್ಜಿರೊಟ್ಟಿ, ಎಣಗಾಯಿ, ಶೇಂಗಾದ ಹೋಳಿಗೆ ಉಂಡು, ಬಿಸಿಲಿನಲ್ಲಿ ಹೊಟ್ಟೆ ಭಾರವಾಗಿ ಗೋದಾಮಿಗೆ ಬಂದೆವು. ತಂಗಾಳಿ ಬೀಸುತ್ತಿತ್ತು. ಹುಸೇನ ಚಪ್ಪಲಿ ಬಿಟ್ಟು, ತಲೆಗೆ ಟವೆಲು ಸುತ್ತಿಕೊಂಡು ಮೈಕಿನ ಮುಂದೆ ನಿಂತ. ಒಂದೇ ಸಲ ಹಾಡಿದ. ಅಂಥ ಹಾಡನ್ನು ನಾನು ಅದಕ್ಕೂ ಮೊದಲು ಕೇಳಿಲ್ಲ, ಆಮೇಲೂ ಕೇಳಿಲ್ಲ. ಕೊನೆಯ ನುಡಿಗೆ ಬಂದು, ಪದ ಕಟ್ಟಿದವರೆಲ್ಲ ಮಾಡುವಂತೆ ಊರ ಹೆಸರು, ಅಜ್ಜನ ಹೆಸರು ಹೇಳಿ ಮುಗಿಸಿದ:

‘ಊರಿಗೆ ಮಿಗಿಲಾದ ಅಣ್ಣಿಗೇರಿ ಊರ,
ಇಮಾಮಸಾಬನ ತಪ್ಪು ಹೊಟ್ಟ್ಯಾಗ ಹಾಕ್ಕೋರಿ ಹಿರಿಯರ.’

ವೀರೇಶನ ಕಣ್ಣು ಒದ್ದೆಯಾಗಿತ್ತು, ಅದನ್ನು ನಾನೇ ನೋಡಿದ್ದೇನೆ. ಕಣ್ಣೊರೆಸಿಕೊಂಡು ಆತ ಹೇಳಿದ್ದು: ‘ಅಗದಿ ಚಲೋ ಆತು. ಕಡೀ ನುಡಿ ಒಂದು ಬ್ಯಾಡ.’

‘ಅದು ಅಜ್ಜನ ಅಂಕಿತ ಲೇ.’

‘ಗೊತ್ತೈತಿ. ಬಿರುಕಿನೊಳಗ ಏಳು ಮೊಳ ಇಳದವಂಗ ಅಣ್ಣಿಗೇರಿ ಎಲ್ಲಿಂದ ಬಂತು? ಇಮಾಮಸಾಬ ಎಲ್ಲಿಂದ ಬಂದ್ರು? ಕೇಳಾವಂಗ ಕನಸು ಒಡೀತೈತಿ.’

‘ಅಜ್ಜನ ಹೆಸರು ಕಿತ್ತಿದ ಮ್ಯಾಲ ಪದ ಯಾರದು ವೀರೇಶ?’

‘ಹಾಡಿಂದು.’

ಹುಸೇನ ನನ್ನ ಕಡೆ ತಿರುಗಿದ. ‘ನೀ ಹೇಳಲೇ ಮಲ್ಲ್ಯಾ.’

ನಾನು ಬಗ್ಗಿ ವೈರು ಸುತ್ತತೊಡಗಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ ನನ್ನದು. ‘ಇಬ್ಬರದೂ ಖರೇನ ಐತಿ’ ಎಂದೆ. ಹುಸೇನ ಚಪ್ಪಲಿ ಮೆಟ್ಟಿಕೊಂಡ. ‘ಅಜ್ಜನ ಹೆಸರಿದ್ರ ನನ್ನ ದನಿ ಇರ್ಲಿ. ಇಲ್ಲಾಂದ್ರ ಎರಡೂ ಬ್ಯಾಡ’ ಎಂದು ಹೇಳಿ ಹೊರಟ. ಮರುವಾರ ಯಮನೂರಿನಿಂದ ಫೋನ್ ಬಂತು, ದಿನ ತುಂಬುವ ಮೊದಲೇ ಹೆರಿಗೆಯಾಗಿ ತಾಯಿ ಮಗು ಇಬ್ಬರೂ ನಾಜೂಕಾಗಿದ್ದರು. ಅವನು ಅಲ್ಲಿಗೆ ಹೋದವನು ಮೂರು ತಿಂಗಳು ಇತ್ತ ತಿರುಗಲಿಲ್ಲ.

ಅದರ ಮೊದಲ ಎರಡು ತಿಂಗಳಲ್ಲಿ ವೀರೇಶ ಎಂಟೂ ಹಾಡು ತಾನೇ ಹಾಡಿದ. ಸಿಟ್ಟಿನಿಂದಲ್ಲ. ‘ಹುಸೇನ ಹಾಡಿದ್ರ ಮಂದಿ ಹುಸೇನನ್ನ ಕೇಳ್ತಾರ. ಬಿರುಕು ಕೇಳೂದಿಲ್ಲ’ ಎಂದ. ಅವನ ದನಿ ತೆಳು. ಆದರೆ ಆತ ಹಟವಾದಿ. ಹುಸೇನನ ರೆಕಾರ್ಡನ್ನು ಕಿವಿಗೆ ಹಚ್ಚಿಕೊಂಡು ಸಾಲುಸಾಲಾಗಿ ಕಲಿತ. ಎಲ್ಲಿ ಉಸಿರು, ಎಲ್ಲಿ ಎಳೆತ, ಸಾಲಿನ ತುದಿಯ ಆ ತೊಡಕು, ಎಲ್ಲವನ್ನೂ ಕದ್ದ. ಕೇಳುತ್ತ ಕೂತಿದ್ದ ನನಗೆ ಮೈ ಜುಮ್ಮೆಂದಿತು. ಆದರೂ ಅವನನ್ನು ತಡೆಯಲಿಲ್ಲ.

ಶಿವರಾತ್ರಿ ಕಳೆದದ್ದೇ ಹತ್ತಿಯ ರೇಟು ಏರಿತು. ‘ಬರೂ ಸೋಮವಾರದೊಳಗ ಗೋದಾಮ ಖಾಲಿ ಆಗಬೇಕು, ಲಾರಿ ಬರ್ತಾವ’ ಎಂದು ಕಾಕಾ ಹೇಳಿ ಕಳಿಸಿದರು. ಅದೇ ಕೊನೆಯ ಸೋಮವಾರ. ಬಿಸಿಲು ಚುರುಕಾಗಿತ್ತು, ತಗಡಿನ ಕೆಳಗೆ ಬೆವರಿಳಿಯುತ್ತಿತ್ತು. ವೀರೇಶ ಎಂಟನೆಯ ಹಾಡಿಗೆ ಗಿಟಾರಿನ ಮೇಲೆ ಗಿಟಾರು ಪೇರಿಸುತ್ತಿದ್ದ. ನಡುವೆ ಕಂಪ್ಯೂಟರು ಜಾಗವಿಲ್ಲ ಎಂದು ನಿಂತುಬಿಟ್ಟಿತು. ಅದರ ಡಿಸ್ಕು ಮೊದಲೇ ಸಣ್ಣದು, ಹಳೆಯದು.

‘ಹುಸೇನಂದು ತಗದುಬಿಡು’ ಎಂದ ವೀರೇಶ.

‘ಒಂದು ಮಾತು ಅವನ್ನ ಕೇಳೂಣು.’

‘ಹೆಂಗೂ ಬ್ಯಾಡ ಅಂದು ಹೋಗ್ಯಾನ. ಇನ್ನ ಎರಡು ತಾಸಿನಾಗ ಹಮಾಲರು ಬಂದು ಗಾದಿ ಬಿಚ್ಚತಾರ. ಒತ್ತಲೇ.’

ಇದನ್ನಂತೂ ಬರೆಯಲೇಬೇಕು. ಅದೇ ಡಿಸ್ಕಿನಲ್ಲಿ ನನ್ನ ಅಂಗಡಿಯ ಲಗ್ನಪತ್ರಿಕೆಯ ಡಿಸೈನುಗಳಿದ್ದವು. ಗಣಪತಿ ಇರುವವು, ಬಸವಣ್ಣ ಇರುವವು, ಹೂವಿನ ಬಳ್ಳಿಯವು, ನವಿಲಿನವು. ಅವನ್ನು ತೆಗೆದಿದ್ದರೂ ಜಾಗ ಆಗುತ್ತಿತ್ತು. ಮುಂದೆ ಲಗ್ನಸರಾಯಿ, ಎಲ್ಲ ಹೊಸದಾಗಿ ಮಾಡುತ್ತ ಕೂಡಬೇಕಲ್ಲ ಎಂದು ಮೈಗಳ್ಳತನ ಬಂತು. ಹುಸೇನನ ಗಂಟಲು ಎಲ್ಲಿಗೆ ಹೋಗುತ್ತದೆ, ನಾಳೆ ಕರೆದರೆ ನಾಳೆ ಹಾಡುತ್ತಾನೆ ಎಂದುಕೊಂಡೆ. ನವಿಲುಗಳನ್ನು ಉಳಿಸಿಕೊಂಡೆ, ಹುಸೇನನನ್ನು ಅಳಿಸಿದೆ. ಏಳನೆಯ ಹಾಡಿನ ಹತ್ತಿರ ಒಂದು ಕ್ಷಣ ನಿಂತೆ, ಅದನ್ನೂ ಅಳಿಸಿದೆ. ಕಂಪ್ಯೂಟರು ‘ಖಾತ್ರಿಯೇ?’ ಎಂದು ಕೇಳುತ್ತದಲ್ಲ, ಅದಕ್ಕೂ ಹೌದೆಂದು ಒತ್ತಿದೆ.

ಆಲ್ಬಮ್ ಯುಗಾದಿಯ ಹೊತ್ತಿಗೆ ಇಂಟರ್‌ನೆಟ್ಟಿಗೆ ಬಂತು. ಹೆಸರು ‘ಬಿರುಕು’. ಎಲ್ಲೆಲ್ಲಿಂದಲೋ ಹೊಗಳಿ ಬರೆದರು. ಅದು ಕೆಟ್ಟದಾಗಿದ್ದರೆ ನನಗೆ ಇಷ್ಟು ಸಂಕಟವಿರುತ್ತಿರಲಿಲ್ಲ. ಸುಡುಗಾಡು, ಅದು ಚಲೋ ಇದೆ. ಮುಖಚಿತ್ರ ನನ್ನಿಂದಲೇ ಮಾಡಿಸಿದ. ಕೆಳಗೆ ಹೆಸರುಗಳ ಸಾಲು: ಪದ, ರಾಗ, ಗಾಯನ, ಎಲ್ಲ ವಾದ್ಯ ವೀರೇಶ. ಕಂಪ್ಯೂಟರು ಮಲ್ಲು. ಗಾದಿ ಹುಸೇನ. ಇದನ್ನು ಟೈಪು ಮಾಡಿದ್ದೂ ನಾನೇ.

ಒಂದು ವಾರ ಬಿಟ್ಟು ಹುಸೇನ ಫೇಡೆಯ ಡಬ್ಬಿ ಹಿಡಿದು ಅಂಗಡಿಗೆ ಬಂದ. ಮಗಳು ಹುಟ್ಟಿದ ಫೇಡೆ. ಹೆಸರು ರೇಷ್ಮಾ ಎಂದು ಹೇಳಿದ. ದನಿ ಒಡೆದಿತ್ತು, ಥಂಡಿ ಹಿಡಿದಿದೆ ಎಂದ. ಹಾಡು ಹಚ್ಚು ಎಂದ, ಹಚ್ಚಿದೆ. ಗಿರಾಕಿಗಳು ಬಂದು ಹೋಗುತ್ತಿದ್ದರೂ ಸ್ಟೂಲಿನ ಮೇಲೆ ಕುಂತು ಎಂಟೂ ಹಾಡು ಕೇಳಿದ. ಏಳನೆಯದು ಅಂಕಿತವಿಲ್ಲದೆ ಮುಗಿದು ಎಂಟನೆಯದಕ್ಕೆ ಹೊರಳಿದಾಗ ನೆಲ ನೋಡಿದ.

‘ಚಲೋ ಹಾಡ್ಯಾನ’ ಎಂದ. ‘ಇರ್ಲಿ. ನಂದು ಐತಲ್ಲ ನಿನ್ನ ಕಡೆ?’

‘ಐತಿ’ ಎಂದೆ.

‘ಅಜ್ಜನ ಪದ ಒಂದ ಕೊಡು ಸಾಕು. ಕೂಸು ದೊಡ್ಡದಾದ ಮ್ಯಾಲ ಕೇಳ್ಸಿದ್ರಾತು. ಅವಸರಿಲ್ಲ.’

ಅವಸರ ಇತ್ತು. ಅದು ಥಂಡಿಯಾಗಿರಲಿಲ್ಲ. ಮರುವರ್ಷ ಹುಬ್ಬಳ್ಳಿಯ ಡಾಕ್ಟರು ಗಂಟಲಲ್ಲಿ ಗಂಟು ಎಂದರು. ಹತ್ತಿಯ ಧೂಳು ಎಂದು ಕೆಲವರು, ಹಣೆಬರಹ ಎಂದು ಕೆಲವರು. ಮಗಳಿಗೆ ಎರಡು ತುಂಬುವ ಮೊದಲೇ ಆಪರೇಷನ್ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಜೀವ ಉಳಿಯಿತು. ಕೊರಳಲ್ಲೊಂದು ತೂತು, ಅದರ ಮೇಲೆ ಬಿಳಿ ಬಟ್ಟೆ. ಈಗ ಅವನು ಉಸಿರಾಡುವುದು ಅಲ್ಲಿಂದ. ಮೊಹರಮ್ಮಿನಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದ ಅವನ ವಿಡಿಯೋ ಒಂದಿದೆ. ಹಲಗೆಯ ಸಪ್ಪಳದಲ್ಲಿ ಅವನ ಬಾಯಿ ಆಡುವುದು ಕಾಣುತ್ತದೆ, ದನಿ ಒಂದಿಷ್ಟೂ ಕೇಳುವುದಿಲ್ಲ.

ಅಂದಿನಿಂದ ಸಂತೆಯಲ್ಲಿ, ಮಸೀದಿಯ ತಿರುವಿನಲ್ಲಿ, ಎಲ್ಲಿ ಸಿಕ್ಕರೂ ಹುಸೇನ ಕಿವಿಯ ಹತ್ತಿರ ಬೊಟ್ಟು ತಂದು ತಿರುವಿ, ಹಾಡು ಎಲ್ಲಿ ಎಂದು ಕೇಳುತ್ತಿದ್ದ. ‘ಹುಡುಕಾಕತ್ತೀನಿ ದೋಸ್ತ’ ಎನ್ನುತ್ತಿದ್ದೆ. ಹುಡುಕುವುದು ಏನನ್ನು, ನನ್ನ ತಲೆ! ಡಿಸ್ಕನ್ನು ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ಒಯ್ದು ತೋರಿಸಿದ್ದೆ. ಅಳಿಸಿದ್ದರ ಮೇಲೆ ಬೇರೆ ತುಂಬಿದ್ದೀರಿ, ಇನ್ನು ಬರುವುದಿಲ್ಲ ಎಂದರು. ತುಂಬಿದ್ದು ವೀರೇಶನ ಗಿಟಾರು. ಇದನ್ನು ಹುಸೇನನಿಗೆ ಹೇಳುವ ಗಂಡಸುತನ ನನಗೆ ಬರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ ವರ್ಷಗಳೇ ಹೋದವು.

ಇಷ್ಟೆಲ್ಲ ಆಗಿ ಮೊನ್ನೆ ಸೋಮವಾರ ಗೋದಾಮಿನಲ್ಲಿ ವೀರೇಶನ ಮುಂದೆ ನಿಂತಿದ್ದೆ. ಈಗ ಜಿನ್ನು ನಡೆಸುವವನು ಅವನೇ. ಕೂದಲು ಉದುರಿದೆ. ‘ಬಿರುಕಿ’ನ ನಂತರ ಅವನು ಇನ್ನೊಂದು ಹಾಡು ಮಾಡಲಿಲ್ಲ. ಬರಲಿಲ್ಲ ಎನ್ನುತ್ತಾನೆ.

‘ನಿನ್ನ ಕಡೆ ಎಲ್ಲರೆ ಒಂದು ಕಾಪಿ ಉಳದೈತೇನು? ಹಳೇ ಫೋನಿನಾಗ, ಸೀಡಿಯಾಗ?’

‘ಇಲ್ಲಪಾ.’

‘ನಾಳೆ ಆ ಹುಡುಗಿ ಬರ್ತಾಳ. ಏನ್ ಹೇಳ್ಲಿ?’

‘ನಾ ಅಳಸು ಅಂದೆ ಖರೇ. ಆದ್ರ ನೀ ಬ್ಯಾಡ ಅಂದಿದ್ರ ನಾ ನಿನ್ನ ಹೊಡೀತಿದ್ನೇನು ಮಲ್ಲ್ಯಾ? ಒಂದ್ ಸಲಾನೂ ನೀ ಬ್ಯಾಡ ಅನಲಿಲ್ಲಲ್ಲೋ’ ಎಂದ. ಬಾಗಿಲು ಸರಿಸಿ ತಿರುಗಿ ಬಂದೆ.

ಮಂಗಳವಾರ ಶಾಲೆ ಬಿಟ್ಟ ಮೇಲೆ ಅಪ್ಪ ಮಗಳು ಬಂದರು. ಎರಡು ಜಡೆ, ಯೂನಿಫಾರ್ಮು, ಮುಷ್ಟಿಯಲ್ಲಿ ಒಂದು ಪೆನ್‌ಡ್ರೈವ್. ರಾತ್ರಿಯೆಲ್ಲ ಮಗ್ಗುಲು ಬದಲಿಸಿ ನಾನು ನಿಶ್ಚಯ ಮಾಡಿದ್ದೆ, ಇವತ್ತು ಇದ್ದದ್ದು ಇದ್ದಂತೆ ಹೇಳಿ ಕಾಲು ಹಿಡಿಯುವುದು ಎಂದು.

‘ಕಾಕಾ, ಅಬ್ಬಾನ ಹಾಡು ಸಿಕ್ತಂತಲ್ರಿ?’ ಎಂದಳು. ‘ಸಾಲ್ಯಾಗ ಎಲ್ಲಾರಿಗೂ ಹೇಳಿಬಿಟ್ಟೀನಿ. ನಮ್ಮ ಟೀಚರೂ ಕೇಳ್ತಾರಂತ.’

ಸಿಕ್ಕಿದೆ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಮಗಳನ್ನು ಕರೆತರಲೇ ಎಂದು ಸನ್ನೆಯಲ್ಲಿ ಕೇಳಿದಾಗ ಬನ್ನಿ ಎಂದಿದ್ದೆ, ಅದನ್ನೇ ಹುಸೇನ ಸಿಕ್ಕಿದೆ ಎಂದು ತಿಳಿದಿದ್ದ. ಸ್ಟೂಲಿನ ತುದಿಯಲ್ಲಿ ಕುಂತು, ಕೊರಳ ಬಟ್ಟೆ ಸರಿಮಾಡಿಕೊಂಡು ಸ್ಪೀಕರನ್ನೇ ನೋಡುತ್ತಿದ್ದ. ಹೇಳಬೇಕೆಂದು ಬಾಯಿ ತೆರೆದೆ. ಕೈ ತಾನಾಗಿ ‘ಬಿರುಕಿ’ನ ಏಳನೆಯ ಹಾಡು ಒತ್ತಿತು, ವೀರೇಶ ಹಾಡಿದ್ದು.

ಮೊದಲ ಸಾಲಿಗೇ ಹುಸೇನ ತಲೆ ಎತ್ತಿ ನನ್ನನ್ನು ನೋಡಿದ. ಒಂಬತ್ತು ವರ್ಷ ನಾನು ಹೇಳುತ್ತ ಬಂದದ್ದೆಲ್ಲ ಸುಳ್ಳು ಎಂದು ಅವನಿಗೆ ಆ ಒಂದು ಸಾಲಿನಲ್ಲಿ ತಿಳಿದುಹೋಯಿತು. ಎದ್ದು ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದರೆ ಚಲೋ ಎಂದು ಕಾಯುತ್ತಿದ್ದೆ. ಅವನು ಅಲುಗಾಡಲಿಲ್ಲ. ಬಟ್ಟೆಯ ಹಿಂದೆ ಉಸಿರು ಮಾತ್ರ ಜೋರಾಗಿ ಹೋಗಿ ಬರುತ್ತಿತ್ತು. ಹುಡುಗಿ ಎರಡೂ ಅಂಗೈಯನ್ನು ಸ್ಪೀಕರಿನ ಮೇಲಿಟ್ಟು, ಬಾಯಿ ಸ್ವಲ್ಪ ತೆರೆದುಕೊಂಡು ಕೇಳುತ್ತಿದ್ದಳು. ಹಾಡು ಮುಗಿಯಿತು.

‘ಅಬ್ಬಾ, ಇದು ನೀನ?’

ಹುಸೇನ ಮಗಳ ಮುಖ ನೋಡಿದ. ಅವನು ಅಡ್ಡಡ್ಡ ತಲೆಯಾಡಿಸಿದ್ದರೆ ಸಾಕಿತ್ತು. ನಾನೂ ಅದನ್ನೇ ಬೇಡಿಕೊಳ್ಳುತ್ತಿದ್ದೆ. ಅವನು ಅವಳ ಜಡೆಯ ಮೇಲೆ ಕೈಯಿಟ್ಟು, ನಿಧಾನವಾಗಿ, ಹೌದೆಂದು ತಲೆಯಾಡಿಸಿದ.

ಅವಳು ಹಿಗ್ಗಿನಿಂದ ನನ್ನ ಕಡೆ ತಿರುಗಿದಳು. ‘ನಮ್ಮ ಅಬ್ಬಾನ ದನಿ ಭಾಳ ಚಲೋ ಇತ್ತಲ್ರಿ ಕಾಕಾ?’

‘ಭಾಳ ಚಲೋ ಇತ್ತವಾ’ ಎಂದೆ. ಹುಸೇನನ ವಿಷಯದಲ್ಲಿ ಇಷ್ಟು ವರ್ಷಗಳಲ್ಲಿ ನನ್ನ ಬಾಯಿಂದ ಬಂದ ಖರೇ ಮಾತು ಅದೊಂದೇ.